ಗಿಟ್ಟಿಗೆ ಎಳನೀರು ನಿಲ್ಲಿಸಿದ ಬೇಸಿಗೆ

ಖರ್ಚಿನ ವಿಷಯ ಮೊದಲು ಹೇಳಿಬಿಡುತ್ತೇನೆ. ಎಲ್ಲರೂ ಕೇಳುವುದು ಅದನ್ನೇ. ಬಾಯಿಬಿಟ್ಟು ಕೇಳದವರು ಮನಸ್ಸಿನಲ್ಲಿ ಲೆಕ್ಕ ಹಾಕುತ್ತಿರುತ್ತಾರೆ. ನಮ್ಮ ನಾಯಿ ಗಿಟ್ಟಿಯ ಕಾಯಿಲೆಗೆ ಇಪ್ಪತ್ತು ಸಾವಿರ ರೂಪಾಯಿಗೆ ಸ್ವಲ್ಪ ಮೇಲಾಯಿತು. ಅದರಲ್ಲಿ ದೊಡ್ಡ ಪಾಲು ರಕ್ತ ಪರೀಕ್ಷೆ, ಸ್ಕ್ಯಾನಿಂಗ್ ತಿಂದವು. ಆಮೇಲೆ ಡ್ರಿಪ್ ಬಾಟಲಿ, ವಾಂತಿಯ ಮಾತ್ರೆ, ಓಡಾಟದ ಪೆಟ್ರೋಲು. ಡಾಕ್ಟರಮ್ಮನ ಫೀಸು ಎಲ್ಲಕ್ಕಿಂತ ಕಡಿಮೆ. ಒಂದು ಚೀಲ ಕೊಬ್ಬರಿಗೆ ಹತ್ತು ರೂಪಾಯಿ ಇಳಿಸಲು ಅರ್ಧ ದಿನ ಇನ್ನೊಬ್ಬರ ಜಗಲಿಯ ಮೇಲೆ ಕೂರುವ ಹೆಂಗಸು ನಾನು. ಅಂಥವಳು ಬೀದಿಯಲ್ಲಿ ಸಿಕ್ಕಿದ ನಾಯಿಗೆ ಇಷ್ಟು ಸುರಿದಳಲ್ಲ ಅಂತ ಊರಿನಲ್ಲಿ ನಕ್ಕವರಿದ್ದಾರೆ. ನಗಲಿ. ಆ ದುಡ್ಡಿಗೆ ನಮಗೆ ಒಂದು ಇಡೀ ಬೇಸಿಗೆ ಸಿಕ್ಕಿತು. ನನ್ನ ವ್ಯಾಪಾರದಲ್ಲಿ ಇಷ್ಟು ಅಗ್ಗಕ್ಕೆ ಇಷ್ಟು ಒಳ್ಳೆಯ ಮಾಲು ಇನ್ನೊಂದು ಸಿಕ್ಕಿಲ್ಲ.

ನಮ್ಮದು ತುರುವೇಕೆರೆ ತಾಲ್ಲೂಕು, ದಂಡಿನಶಿವರದ ಹತ್ತಿರದ ಹಳ್ಳಿ. ಮದುವೆಯಾಗಿ ಬಂದ ಹೊಸದರಲ್ಲಿ ನಾನು ಬೇರೆಯವರ ಶೆಡ್ಡಿನಲ್ಲಿ ಕೂಲಿಗೆ ಕೊಬ್ಬರಿ ಕಾಯಿ ಒಡೆಯುತ್ತಿದ್ದೆ. ಆಮೇಲೆ ಮನೆ ಮನೆಗೆ ಹೋಗಿ ಒಂದು ಚೀಲ, ಎರಡು ಚೀಲ ಕೊಬ್ಬರಿ ಕೊಂಡು ತಿಪಟೂರಿಗೆ ಹಾಕಲು ಶುರುಮಾಡಿದೆ. ಈಗ ಸ್ವಂತ ಶೆಡ್ಡು ಇದೆ, ಒಂದು ಗೂಡ್ಸ್ ಆಟೋ ಇದೆ. ಆಟೋ ಓಡಿಸುವುದು ನಮ್ಮ ಯಜಮಾನರು, ಮಾತಾಡುವುದು ನಾನು. ನಮ್ಮ ಕಡೆ ಕಾಯಿಯನ್ನು ಅಟ್ಟದ ಮೇಲೆ ಹಾಕಿ ತಿಂಗಳುಗಟ್ಟಲೆ ಬಿಡುತ್ತಾರೆ. ಒಳಗಿನ ನೀರೆಲ್ಲ ಇಂಗಿ, ಕೊಬ್ಬರಿ ತಾನಾಗಿ ಚಿಪ್ಪು ಬಿಟ್ಟು ಉಂಡೆಯಾಗಬೇಕು. ಆ ಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ಒಡೆಯದೆ, ಒಳಗೆ ಒಳ್ಳೆಯದಿದೆಯೋ ಕೊಳೆತಿದೆಯೋ ಹೇಳುವುದು ನನ್ನ ಕಸುಬು.

ಚಿಪ್ಪಿನಿಂದ ಇಡಿಯಾಗಿ ಬಿಡಿಸಿದ ಕೊಬ್ಬರಿ ಉಂಡೆಗೆ ನಾವು ಗಿಟುಕು ಅನ್ನುತ್ತೇವೆ. ಹನ್ನೆರಡು ವರ್ಷದ ಹಿಂದೆ ನಮ್ಮ ಶೆಡ್ಡಿನ ಚಿಪ್ಪಿನ ರಾಶಿಯ ಮರೆಯಲ್ಲಿ ಒಂದು ಹೆಣ್ಣು ಮರಿ ಕುಂಯ್ ಅನ್ನುತ್ತಿತ್ತು. ಕಂದು ಬಣ್ಣ, ಗುಂಡಗೆ, ಅಂಗೈಯಲ್ಲಿ ಹಿಡಿಸುವಷ್ಟು. ನಮ್ಮತ್ತೆ ಎತ್ತಿ ಮಡಿಲಿಗೆ ಹಾಕಿಕೊಂಡು, "ಗಿಟುಕು ಇದ್ದಂಗೈತಲ್ಲೇ ಇದು" ಅಂದರು. ಗಿಟುಕು ಅಂದದ್ದು ಗಿಟ್ಟಿ ಆಯಿತು. ದೊಡ್ಡವಳಾದ ಮೇಲೆ ಅಟ್ಟದ ಮೆಟ್ಟಿಲು ಹತ್ತಿ ಇಲಿ ಹಿಡಿಯುವುದು ಕಲಿತಳು. ಆಟೋ ಸ್ಟಾರ್ಟ್ ಆದರೆ ಸಾಕು, ಹಿಂದೆ ಹತ್ತಿ ನಿಂತಿರುತ್ತಿದ್ದಳು. ಸಂಪಿಗೆ ಊರಿನಿಂದ ಹಿಡಿದು ಹುಳಿಯಾರಿನ ಕಡೆಯ ಕೆಂಕೆರೆಯವರೆಗೆ ಅವಳ ಗುರುತು ಇಲ್ಲದ ಜಗಲಿಯಿರಲಿಲ್ಲ. ನನ್ನನ್ನು ಕಂಡರೆ ಮುಖ ಗಂಟು ಹಾಕುವ ರೈತರೂ ಅವಳನ್ನು ಮಾತಾಡಿಸುತ್ತಿದ್ದರು. ಆದರೆ ಅವಳು ನಿಜವಾಗಿ ನಮ್ಮತ್ತೆಯ ನಾಯಿ. ಅತ್ತೆ ಎಲ್ಲಿ ಕೂರುತ್ತಾರೋ ಅಲ್ಲಿ ಅವರ ಪಾದಕ್ಕೆ ಬೆನ್ನು ತಾಗಿಸಿ ಮಲಗುವುದು. ಅತ್ತೆ ಹಿತ್ತಿಲಿನಿಂದ "ಗಿಟ್ಟೀ" ಅಂದರೆ ಊರಾಚೆ ಇದ್ದರೂ ಓಡಿಬರುವುದು.

ಹೋದ ವರ್ಷ ಶಿವರಾತ್ರಿ ಕಳೆದ ಮೇಲೆ ಗಿಟ್ಟಿ ವಿಪರೀತ ನೀರು ಕುಡಿಯತೊಡಗಿದಳು. ಬಿಸಿಲು ಅಂದುಕೊಂಡೆವು. ಊಟ ಅರ್ಧಕ್ಕೆ ಬಿಟ್ಟಳು. ಬಿಸಿಲು ಅಂದೆವು. ಅಟ್ಟ ಹತ್ತುವುದು ನಿಲ್ಲಿಸಿದಳು. ವಯಸ್ಸು ಅಂದೆವು. ಆಮೇಲೆ ಬೆಳಗಿನ ಹೊತ್ತು ಹಳದಿ ನೊರೆ ವಾಂತಿ ಶುರುವಾಯಿತು. ಆಗ ನಮ್ಮತ್ತೆ ತೀರ್ಪು ಕೊಟ್ಟರು: "ಮೈಯೆಲ್ಲಾ ಉಷ್ಣ ಆಗೈತೆ. ಎಳನೀರು ಕುಡ್ಸಿ."

ತೆಂಗಿನ ಸೀಮೆಯವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಜ್ವರ ಬಂದರೆ ಎಳನೀರು, ಕಾಮಾಲೆಗೆ ಎಳನೀರು, ಬಾಣಂತಿಯನ್ನು ನೋಡಲು ಬಂದವರಿಗೆ ಎಳನೀರು, ಸಾವಿನ ಮನೆಯಲ್ಲಿ ಅತ್ತು ಸುಸ್ತಾದವರಿಗೂ ಎಳನೀರು. ನಮ್ಮ ಯಜಮಾನರು ದಿನಾ ಬೆಳಿಗ್ಗೆ ಬಾವಿಯ ಹತ್ತಿರದ ಗಿಡ್ಡ ಮರದಿಂದ ಒಂದು ಕಿತ್ತು ಕೊಡುತ್ತಿದ್ದರು. ಅತ್ತೆ ಮಚ್ಚಿನಲ್ಲಿ ಕೆತ್ತಿ ಗಿಟ್ಟಿಯ ಬಟ್ಟಲಿಗೆ ಸುರಿಯುತ್ತಿದ್ದರು. ಏನೂ ಮುಟ್ಟದ ಗಿಟ್ಟಿ ಅದನ್ನು ಮಾತ್ರ ಬಟ್ಟಲು ನೆಕ್ಕಿ ಕುಡಿಯುತ್ತಿದ್ದಳು. "ನೋಡೇ, ಎಂಗೆ ಕುಡೀತು!" ಅಂತ ಅತ್ತೆಗೆ ಸಂಭ್ರಮ.

ಆದರೂ ಅವಳ ಬೆನ್ನಿನ ಮೂಳೆ ದಿನೇ ದಿನೇ ಕೈಗೆ ಸಿಗತೊಡಗಿತು. ಒಂದು ದಿನ ಆಟೋ ಸ್ಟಾರ್ಟ್ ಆದರೂ ತಲೆ ಎತ್ತಲಿಲ್ಲ. ಆಗ ಯಜಮಾನರು, ಯಾವತ್ತೂ ಜಾಸ್ತಿ ಮಾತಾಡದವರು, ಗಿಟ್ಟಿಯನ್ನು ಗೋಣಿಚೀಲದ ಮೇಲೆ ಮಲಗಿಸಿ ಆಟೋಗೆ ಹಾಕಿಕೊಂಡು, "ಹತ್ತು, ತಿಪಟೂರಿಗೆ ಹೋಗಾನ" ಅಂದರು.

ತಿಪಟೂರಿನಲ್ಲಿ ಪ್ರಾಣಿಗಳಿಗೇ ಅಂತ ಸಣ್ಣ ಕ್ಲಿನಿಕ್ ಇಟ್ಟುಕೊಂಡ ಒಬ್ಬ ಡಾಕ್ಟರಮ್ಮ ಇದ್ದಾರೆ ಅಂತ ಕೇಳಿದ್ದೆ. ಹೊರಗೆ ಶೀಟಿನ ಚಪ್ಪರ, ಒಂದು ಕಲ್ಲು ಬೆಂಚು. ನಮ್ಮ ಮುಂದೆ ಹೊಟ್ಟೆ ಉಬ್ಬಿದ ಒಂದು ಮೇಕೆ, ಬುಟ್ಟಿಯಲ್ಲಿ ಬೆಕ್ಕು, ಬಿಳಿ ಕೂದಲಿನ ಪೇಟೆಯ ನಾಯಿ ಒಂದು. ಮೇಕೆಯ ಯಜಮಾನ ಹುಳಿಯಾರಿನ ಕಡೆಯ ಹಟ್ಟಿಯ ಮುದುಕ, ಹೆಗಲ ಮೇಲೆ ಕಂಬಳಿ. ಗಿಟ್ಟಿಯನ್ನು ಮೇಲಿಂದ ಕೆಳಗೆ ನೋಡಿ ಕೇಳಿದ, "ಏನವ್ವ, ಇದ್ಯಾವ ಜಾತಿ?"

"ನಮ್ಮೂರ ಜಾತಿ" ಅಂದೆ.

"ಊರ ನಾಯಿನ ಆಟೋದಾಗೆ ಹಾಕ್ಕಂಡು ಬಂದಿದ್ದೀರಾ? ಸರಿಹೋಯ್ತು ಬುಡು."

ನನಗೆ ರೇಗಿತು. "ನಿಮ್ಮ ಮೇಕೆ ಯಾವ ಅರಮನೆದು ಯಜಮಾನ್ರೇ?"

ಮುದುಕ ಹಲ್ಲಿಲ್ಲದ ಬಾಯಿಬಿಟ್ಟು ಜೋರಾಗಿ ನಕ್ಕ. ಆಮೇಲೆ ಕಂಬಳಿಯನ್ನು ಹೆಗಲಿನಿಂದ ತೆಗೆದು ನೆಲಕ್ಕೆ ಹಾಸಿದ. "ಕಲ್ಲು ಸುಡ್ತೈತೆ, ಇದ್ರ ಮ್ಯಾಲೆ ಮನಗ್ಸು. ನಂದೂ ಒಂದಿತ್ತು ಕಣವ್ವ. ಕುರಿ ಹಿಂದೆ ಹದ್ನಾಲ್ಕು ವರ್ಷ ತಿರುಗ್ತು. ಆಗ ಇಂಥ ಡಾಕ್ಟ್ರು ಎಲ್ಲಿದ್ರು? ಮೂರು ದಿನ ನಳ್ಳಾಡ್ತು." ಇಷ್ಟು ಹೇಳಿ ಮೇಕೆಯ ಕಿವಿ ತೀಡುತ್ತಾ ಕೂತ. ನಮ್ಮ ಸರದಿ ಬರುವವರೆಗೂ ಗಿಟ್ಟಿ ಆ ಕಂಬಳಿಯ ಮೇಲೆ ಮಲಗಿದ್ದಳು. ಅವನ ಹೆಸರು ಕೇಳುವುದಕ್ಕೂ ನನಗೆ ತೋಚಲಿಲ್ಲ. ಇದನ್ನು ಬರೆಯುವಾಗ ಮೊದಲು ನೆನಪಾಗುವವನು ಆತ.

ಡಾಕ್ಟರಮ್ಮ ಹಾಸನದ ಕಡೆಯವರು, ಚಿಕ್ಕ ವಯಸ್ಸು. ಬಾಯಿ ತೆರೆಸಿ ನೋಡಿದರು, ಹೊಟ್ಟೆ ಒತ್ತಿದರು, ರಕ್ತ ತೆಗೆದರು. ಎರಡನೆಯ ಸಲ ಹೋದಾಗ ರಿಪೋರ್ಟ್ ಬಂದಿತ್ತು. ಎರಡು ಕಿಡ್ನಿಯೂ ಬಹುಪಾಲು ಕೆಲಸ ನಿಲ್ಲಿಸಿವೆ, ಇದು ವಾಸಿಯಾಗುವ ಕಾಯಿಲೆ ಅಲ್ಲ ಅಂದರು. ನಾನು ರಿಪೋರ್ಟಿನ ಹಾಳೆ ಇಸಿದುಕೊಂಡು ಅರ್ಥವಾಗದ ಅಂಕಿಗಳನ್ನೇ ನೋಡುತ್ತಾ ನಿಂತೆ. ಅಷ್ಟು ವರ್ಷ ಪಕ್ಕದಲ್ಲೇ ಉಸಿರಾಡುತ್ತಿದ್ದ ಜೀವದ ಒಳಗಿನ ಸದ್ದು ನನ್ನ ಕಿವಿಗೆ ಬಿದ್ದಿರಲಿಲ್ಲ.

"ಎಷ್ಟು ದಿನ ಇರ್ತಾಳೆ ಮೇಡಂ?"

"ಚೆನ್ನಾಗಿ ನೋಡ್ಕೊಂಡ್ರೆ ಒಂದು ತಿಂಗಳು, ಎರಡು ತಿಂಗಳು."

ಬಾಯಿಯ ಅಭ್ಯಾಸ ನೋಡಿ, ನಾನು ಯೋಚನೆಯನ್ನೇ ಮಾಡದೆ, "ಆರು ಮಾಡ್ಕೊಡಿ" ಅಂದುಬಿಟ್ಟೆ.

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. ಯಜಮಾನರು ನನ್ನ ಮುಖ ನೋಡಿದರು. "ಅಮ್ಮ, ನನ್ನ ಹತ್ರ ಇದ್ದಿದ್ರೆ ನೀವು ಕೇಳೋಕೆ ಮುಂಚೆ ಕೊಡ್ತಿದ್ದೆ" ಅಂದರು ಡಾಕ್ಟರಮ್ಮ. ಅವರ ದನಿಯಲ್ಲಿ ಗೇಲಿ ಇರಲಿಲ್ಲ. ನನಗೆ ಅಲ್ಲಿಯೇ ಅಳು ಬಂತು. ಬಂದದ್ದು ಒಳ್ಳೆಯದಾಯಿತು, ಮನೆಗೆ ಹೋಗಿ ಅತ್ತೆಯ ಮುಂದೆ ಅಳುವುದು ತಪ್ಪಿತು.

ಆಮೇಲೆ ಪಥ್ಯದ ಮಾತು ಬಂತು. ಏನೇನು ಕೊಡುತ್ತಿದ್ದೀರಿ ಅಂತ ಕೇಳಿದರು. ಬೇರೆ ಏನೂ ತಿನ್ನುವುದಿಲ್ಲ, ಎಳನೀರು ಮಾತ್ರ ದಿನಾ ಕುಡಿಸುತ್ತೇವೆ ಅಂತ ನಾನು ಸ್ವಲ್ಪ ಹೆಮ್ಮೆಯಿಂದಲೇ ಹೇಳಿದೆ. ಅವರು ರಿಪೋರ್ಟನ್ನು ಮತ್ತೊಮ್ಮೆ ನೋಡಿ, "ಅದನ್ನ ಇವತ್ತೇ ನಿಲ್ಲಿಸಿ" ಅಂದರು. ಎಳನೀರಿನಲ್ಲಿ ಪೊಟ್ಯಾಸಿಯಂ ಅನ್ನುವ ಒಂದು ಲವಣ ಜಾಸ್ತಿ ಇರುತ್ತದಂತೆ. ಆರೋಗ್ಯವಂತರಿಗೆ ಒಳ್ಳೆಯದು. ಗಿಟ್ಟಿಯ ರಕ್ತದಲ್ಲಿ ಅದು ಆಗಲೇ ಏರಿತ್ತು, ಹೊರಗೆ ಹಾಕಲು ಕಿಡ್ನಿಗೆ ಶಕ್ತಿಯಿಲ್ಲ. ಹೀಗೇ ಏರಿದರೆ ಹೃದಯ ನಿಂತುಬಿಡಬಹುದು.

ತಿಪಟೂರಿನಿಂದ ನಮ್ಮೂರಿಗೆ ಬರುವ ದಾರಿಯುದ್ದಕ್ಕೂ ಎರಡು ಕಡೆ ತೆಂಗಿನ ತೋಟ. ಈ ಮಾತನ್ನು ಅತ್ತೆಗೆ ಹೇಗೆ ಹೇಳುವುದು ಅಂತ ನಾನು ದಾರಿಯುದ್ದಕ್ಕೂ ಯೋಚಿಸಿದೆ. ಬೆಲೆ ಬಿದ್ದ ಸುದ್ದಿಯನ್ನು ರೈತರಿಗೆ ಹೇಳಿ ಹೇಳಿ ಪಳಗಿದ ಬಾಯಿ ಇದು. ಆದರೂ ಸರಿಯಾದ ಮಾತು ಸಿಗಲಿಲ್ಲ.

ಹೇಳಿದಾಗ ಅತ್ತೆ ಮೊದಲು ನಂಬಲಿಲ್ಲ. "ಹುಟ್ಟಿದ ಕೂಸಿಗೆ ಕೊಡ್ತೀವಿ, ಸಾಯೋ ಮುದುಕ್ರಿಗೆ ಕೊಡ್ತೀವಿ. ಇದಕ್ ಮಾತ್ರ ವಿಷ ಆಗ್ತದಾ? ಯಾವಳೇ ಅವ್ಳು ಹೇಳ್ದೋಳು?" ಅಂದರು. ನಾನು ಜೋರು ಮಾಡಿದೆ. ಅವರು ಸುಮ್ಮನಾದರು. ಅವರು ಸುಮ್ಮನಾದರೆ ಒಪ್ಪಿದ್ದಾರೆ ಅಂತ ಅರ್ಥವಲ್ಲ. ಇಷ್ಟು ವರ್ಷದ ಮೇಲೆ ಅಷ್ಟು ನನಗೆ ಗೊತ್ತಿರಬೇಕಿತ್ತು. ಆಮೇಲೊಂದು ದಿನ ಬಚ್ಚಲ ಒಲೆಗೆ ಉರಿ ಹಾಕಲು ಹೋದರೆ ಒಣಗಿದ ಸೋಗೆಯ ಅಡಿಯಲ್ಲಿ ಎಳನೀರಿನ ಹಸಿ ಬುರುಡೆಗಳು. ಎತ್ತಿಕೊಂಡು ಹೋಗಿ ಅತ್ತೆಯ ಮುಂದೆ ಹಿಡಿದೆ.

"ಏನತ್ತೆ ಇದು?"

"ನಾ ಕುಡ್ದೆ."

"ಬಟ್ಟಲಲ್ಲಿ ಹಾಕ್ಕೊಂಡು ನೆಕ್ಕಿ ಕುಡಿದ್ರಾ?"

"ಕುಡ್ದೆ ಕಣೇ! ಹಲ್ಲಿಲ್ದೋಳು ನೆಕ್ದೆ ಇನ್ನೇನು ಮಾಡ್ಲಿ?"

ನನಗೆ ಕೋಪ ಬಂದಿತ್ತು, ಆದರೂ ನಗು ತಡೆಯಲಾಗಲಿಲ್ಲ. ಅವರೂ ನಕ್ಕರು, ನಗುತ್ತಾ ಅತ್ತರು. ಮುಂದಿನ ಸಲ ತಿಪಟೂರಿಗೆ ಹೋಗುವಾಗ ಅವರನ್ನೂ ಆಟೋದಲ್ಲಿ ಕೂರಿಸಿಕೊಂಡು ಹೋದೆ.

ಅಲ್ಲಿ ಅತ್ತೆ ಕೇಳಿದ್ದು ಒಂದೇ ಪ್ರಶ್ನೆ. "ನಾ ಎಳನೀರು ಕುಡ್ಸಿದ್ಕೇ ಇದಕ್ಕೆ ಈ ಕಾಯ್ಲೆ ಬಂತೇನವ್ವ?"

"ಇಲ್ಲ ಅಜ್ಜಿ. ಕಾಯಿಲೆ ಬಂದು ಬಹಳ ದಿನ ಆಗಿದೆ, ವಯಸ್ಸಿಗೆ ಬಂದಿದ್ದು. ನೀವು ಕುಡಿಸಿದ್ದರಿಂದ ಬಂದಿದ್ದಲ್ಲ. ಇನ್ನು ಮುಂದೆ ಕೊಡಬೇಡಿ ಅಂತ ಅಷ್ಟೇ. ಅದರಲ್ಲಿರೋ ಉಪ್ಪು ಇವಳಿಗೆ ತಡೆಯೋದಿಲ್ಲ."

"ಎಳನೀರಾಗೆ ಉಪ್ಪು ಎಲ್ಲೈತೆ ತಾಯಿ? ಸೀ ಇರ್ತದೆ."

"ನಾಲಿಗೆಗೆ ಗೊತ್ತಾಗದ ಉಪ್ಪು ಅಜ್ಜಿ ಅದು."

ಅತ್ತೆ ತಲೆಯಾಡಿಸಿದರು. ಆಮೇಲೆ ಡಾಕ್ಟರಮ್ಮನ ಕೈ ಹಿಡಿದು ಕಣ್ಣಿಗೆ ಒತ್ತಿಕೊಂಡರು. ಆ ಒಂದು "ಇಲ್ಲ ಅಜ್ಜಿ" ಅನ್ನುವ ಮಾತಿಗೆ ನಾನು ಆಕೆಗೆ ಎಷ್ಟು ಕೊಟ್ಟರೂ ಕಡಿಮೆ. ಅವರ ಬಿಲ್ಲಿನಲ್ಲಿ ಅದು ಇರಲಿಲ್ಲ.

ಅಲ್ಲಿಂದ ಮುಂದಿನ ದಿನಗಳು ಒಂದು ರೀತಿಯಲ್ಲಿ ಸುಖವಾಗಿದ್ದವು. ಮೆತ್ತಗೆ ಬೇಯಿಸಿದ ಅನ್ನ, ಮೊಟ್ಟೆಯ ಬಿಳಿ ಭಾಗ, ಉಪ್ಪಿಲ್ಲ. ಅತ್ತೆ ತುತ್ತು ಮಾಡಿ ಬೆರಳಿನಿಂದ ತಿನ್ನಿಸುತ್ತಿದ್ದರು. ದಿನ ಬಿಟ್ಟು ದಿನ ಚರ್ಮದ ಅಡಿಗೆ ಡ್ರಿಪ್ ಕೊಡಬೇಕಿತ್ತು. ಅದನ್ನು ಡಾಕ್ಟರಮ್ಮ ನನಗೇ ಹೇಳಿಕೊಟ್ಟರು. ಹೆಗಲ ಮೇಲಿನ ಸಡಿಲ ಚರ್ಮ ಎತ್ತಿ ಸೂಜಿ ಹಾಕುವುದು. ಶೆಡ್ಡಿನಲ್ಲಿ ತಕ್ಕಡಿ ತೂಗುಹಾಕುವ ಕೊಕ್ಕೆಗೆ ಬಾಟಲಿ ಕಟ್ಟುತ್ತಿದ್ದೆವು. ಕೊಬ್ಬರಿ ತಂದ ರೈತರು ಬಂದರೆ ಬಾಟಲಿ ಮುಗಿದು ಕೊಕ್ಕೆ ಖಾಲಿಯಾಗುವವರೆಗೆ ಕಾಯಬೇಕು. ಒಬ್ಬರೂ ಗೊಣಗಲಿಲ್ಲ. ತೂಕದಲ್ಲಿ ನನ್ನ ಮೇಲೆ ಯಾವಾಗಲೂ ಅನುಮಾನ ಪಡುವ ಒಬ್ಬ ರೈತರಿದ್ದಾರೆ. ಅವರು ಒಂದು ದಿನ ಬಾಟಲಿಯನ್ನೇ ನೋಡುತ್ತಾ ನಿಂತು, "ನಿಧಾನಕ್ಕೆ ಬುಡಮ್ಮ, ತಣ್ಣಗಾಗ್ತದೆ ಅದಕ್ಕೆ" ಅಂದರು. ಬಾಟಲಿಯನ್ನು ಬಿಸಿನೀರಿನಲ್ಲಿಟ್ಟು ಬೆಚ್ಚಗೆ ಮಾಡಿ ಕೊಡುವುದು ಒಳ್ಳೆಯದು ಅಂತ ಡಾಕ್ಟರಮ್ಮ ಆಮೇಲೆ ಹೇಳಿದರು. ಆ ರೈತರು ಮೊದಲೇ ಹೇಳಿದ್ದರು.

ಸ್ವಲ್ಪ ಚೇತರಿಕೆ ಕಂಡಾಗ ಗಿಟ್ಟಿಯನ್ನು ಆಟೋದಲ್ಲಿ ಮಲಗಿಸಿಕೊಂಡು ನಮ್ಮ ಗಿರಾಕಿಗಳ ಊರುಗಳಿಗೆಲ್ಲ ಒಂದು ಸುತ್ತು ಹೊರಟೆವು. ವ್ಯಾಪಾರ ನೆಪ. ಅವಳ ಗುರುತಿದ್ದವರಿಗೆ ತೋರಿಸಿಕೊಂಡು ಬರೋಣ ಅಂತ. ಇಲ್ಲಿ ಒಂದು ಫಜೀತಿಯಾಯಿತು. ಗಿಟ್ಟಿಗೆ ಹುಷಾರಿಲ್ಲ ಅಂದದ್ದೇ ತಡ, ಪ್ರತಿ ಮನೆಯಲ್ಲೂ ಗಂಡಸರು ಮಚ್ಚು ಹುಡುಕುತ್ತಿದ್ದರು. "ಅಯ್ಯೋ ಪಾಪ, ತಡೀರಿ, ಒಂದು ಎಳನೀರು ಕೆಡವ್ತೀನಿ." ಬೇಡ ಅಂದರೆ ಮುಖ ಸಪ್ಪೆ. ನಮ್ಮ ಸೀಮೆಯಲ್ಲಿ ಬಾಗಿಲಿಗೆ ಬಂದವರು ಎಳನೀರು ಬೇಡ ಅಂದರೆ ಜಗಳಕ್ಕೆ ಬಂದ ಹಾಗೆ. ಸಂಪಿಗೆಯಲ್ಲಿ ಒಬ್ಬಾಕೆ ಸೊಂಟಕ್ಕೆ ಕೈಯಿಟ್ಟು, "ನಮ್ಮನೆ ಎಳನೀರು ನಿಮ್ಮನೆ ನಾಯಿಗೂ ಆಗಲ್ವೇನಮ್ಮ?" ಅಂದೇಬಿಟ್ಟಳು. ಡಾಕ್ಟರು, ಲವಣ, ಕಿಡ್ನಿ ಅಂತ ಎಷ್ಟು ಮನೆಯಲ್ಲಿ ಹೇಳಲಿ? ಕೊನೆಗೆ ಗಿಟ್ಟಿಯ ಪರವಾಗಿ ನಾನೇ ಕುಡಿದೆ. ಮನೆಯವರು ಕೆತ್ತಿ ಕೊಡುವುದು, ನಾನು ಕುಡಿಯುವುದು, ಗಿಟ್ಟಿ ಆಟೋದಿಂದ ನನ್ನನ್ನೇ ನೋಡುವುದು. ಮಧ್ಯಾಹ್ನದ ಹೊತ್ತಿಗೆ ನನ್ನ ಹೊಟ್ಟೆ ಆ ಮುದುಕನ ಮೇಕೆಯ ಹೊಟ್ಟೆಯಂತಾಗಿತ್ತು. ಯಜಮಾನರು ಆಟೋ ನಿಲ್ಲಿಸಿ ನಿಲ್ಲಿಸಿ ನಕ್ಕರು. ಅವರು ಅಷ್ಟು ನಕ್ಕದ್ದನ್ನು ನಾನು ನೋಡಿ ವರ್ಷಗಳಾಗಿದ್ದವು.

ಕೆಂಕೆರೆಯಲ್ಲಿ ನನಗೆ ಯಾವತ್ತೂ ಒಂದು ರೂಪಾಯಿ ಬಿಡದ ರೈತರೊಬ್ಬರು ಗಿಟ್ಟಿಯ ತಲೆ ಸವರಿ, ತಮ್ಮ ಹೆಂಡತಿಗೆ, "ನಮ್ಮ ಅಟ್ಟದ ಇಲಿ ಹಿಡ್ಕೊಟ್ಟಿದ್ಲು ಕಣೇ ಇವ್ಳು" ಅಂದರು. ಹೊರಡುವಾಗ ಆಟೋಗೆ ಒಂದು ಕಟ್ಟು ಹಸಿ ಹುಲ್ಲು ಹಾಕಿದರು, ಗಿಟ್ಟಿಗೆ ಮೆತ್ತಗಿರಲಿ ಅಂತ. ದುಡ್ಡು ಕೊಟ್ಟು ಇವೆಲ್ಲ ಸಿಗುವುದಿಲ್ಲ. ನಾನು ಕೊಡಲು ಹೋಗಿ ನೋಡಿದೆ, ಬೈದು ಕಳಿಸಿದರು.

ಬೇಸಿಗೆ ಬಲಿಯುತ್ತಿದ್ದಂತೆ ಗಿಟ್ಟಿ ಮತ್ತೆ ಕುಸಿದಳು. ಬಾಯಲ್ಲಿ ಹುಣ್ಣು, ಹಿಂಗಾಲು ನಿಲ್ಲುತ್ತಿರಲಿಲ್ಲ. ಇನ್ನು ನೋವು ಜಾಸ್ತಿಯಾಗುತ್ತದೆ, ನೀವು ಒಪ್ಪಿದರೆ ನಿದ್ದೆಯಲ್ಲೇ ಕಳಿಸಿಕೊಡಬಹುದು, ಮನೆಗೇ ಬರುತ್ತೇನೆ ಅಂತ ಡಾಕ್ಟರಮ್ಮ ಫೋನಿನಲ್ಲಿ ಹೇಳಿದರು. ನನಗೆ ಆ ಮುದುಕನ ನಾಯಿ ಮೂರು ದಿನ ನರಳಿದ್ದು ನೆನಪಾಯಿತು. ನಾನು ಮನಸ್ಸಿನಲ್ಲಿ ಒಪ್ಪಿದೆ. ಯಜಮಾನರೂ ಒಪ್ಪಿದರು. ಅತ್ತೆ ಮಾತ್ರ ಕೇಳಿದ್ದೇ ತಡ ಎದ್ದು ನಿಂತರು.

"ಕಟುಕ್ರೇನೇ ನೀವು? ಸಾಯೋ ಗಳಿಗೆ ನಾವು ಹೇಳಾಕಾಗ್ತದಾ? ಅದು ಉಸಿರಾಡೋವರ್ಗೂ ನಾ ನೋಡ್ಕಂತೀನಿ. ನಿಂಗೆ ಸೂಜಿ ಚುಚ್ಚಿ ಸಾಕಾಗಿದ್ರೆ ಬುಡು."

ಅವರ ಒಪ್ಪಿಗೆ ಇಲ್ಲದೆ ಮಾಡಿಸಬಾರದು ಅಂತ ನಾನು ನಿಶ್ಚಯಿಸಿದೆ. ಮಾಡಿಸಿದ್ದರೆ ನಾಯಿಯ ಜೊತೆಗೆ ಅತ್ತೆಯನ್ನೂ ಕಳೆದುಕೊಳ್ಳುತ್ತಿದ್ದೆ. ಹಾಗಂತ ಗಿಟ್ಟಿ ನರಳುವುದನ್ನೂ ನೋಡಲಾಗುತ್ತಿರಲಿಲ್ಲ. ವ್ಯಾಪಾರದಲ್ಲಿ ಎದುರಿನವರು ಏನು ಬಯಸುತ್ತಾರೆ ಅಂತ ತಿಳಿದರೆ ದಾರಿ ಸಿಗುತ್ತದೆ. ಇಲ್ಲಿ ಅತ್ತೆ ಬಯಸುತ್ತಿದ್ದುದು ಯಾರೂ ಕೊಡಲಾಗದ್ದು.

ಕೈಕಟ್ಟಿ ಕೂರುವುದು ನನ್ನ ಜಾಯಮಾನವಲ್ಲ. ತೋಟದ ಮೂಲೆಯಲ್ಲಿ ಒಂದು ಗುಂಡಿ ತೋಡಿಸಿದೆ. ಬೇರು ತುಂಬಿದ ನೆಲ, ಬೇಸಿಗೆಯಲ್ಲಿ ಕಲ್ಲಿನ ಹಾಗೆ. ಕೊನೆಯ ಹೊತ್ತಿನಲ್ಲಿ ಅಗೆಯಲು ಹೊರಟರೆ ಇಡೀ ದಿನ ಬೇಕು. ಬದುಕಿರುವಾಗಲೇ ಗುಂಡಿ ತೋಡುವುದು ಅಪಶಕುನ ಅನ್ನುತ್ತಾರೆ, ಅದಕ್ಕೆ ತೆಂಗಿನ ಸಸಿ ಇಡಲು ಅಂತ ಮನೆಯಲ್ಲಿ ಹೇಳಿದೆ. ಅತ್ತೆ ಒಂದು ಸಲ ನನ್ನ ಮುಖ ನೋಡಿ ಒಳಗೆ ಹೋದರು.

ಆಮೇಲೆ ಒಂದು ವಿಷಯ ಗಮನಕ್ಕೆ ಬಂತು. ಮನೆಯಲ್ಲಿ "ಗಿಟ್ಟೀ" ಅನ್ನುವ ಕೂಗು ನಿಂತುಹೋಗಿತ್ತು. ಅತ್ತೆ ಅವಳ ಹತ್ತಿರ ಹೋಗುವಾಗ ಹೆಜ್ಜೆಯ ಸದ್ದು ಆಗದಂತೆ ಹಿಂದಿನಿಂದ ಹೋಗಿ ಕೂರುತ್ತಿದ್ದರು. ಮುನಿಸು ಅಂದುಕೊಂಡು, "ಯಾಕತ್ತೆ, ಮಾತಾಡಿಸ್ತಾನೇ ಇಲ್ಲ?" ಅಂದೆ.

ಅವರು ಬಾಯಿಗೆ ಸೆರಗು ಅಡ್ಡ ಹಿಡಿದು, ಪಿಸುಗುಟ್ಟಿದರು. "ಕರೆದ್ರೆ ಏಳ್ತದೆ ಕಣೇ. ಕಾಲು ನಿಲ್ಲಲ್ಲ, ಆದ್ರೂ ಏಳಾಕ್ ನೋಡ್ತದೆ. ನೆನ್ನೆ ಬಿದ್ದು ಮೂತಿ ಒಡ್ಕಂತು. ಅದಕ್ಕೇ ಕರೀತಿಲ್ಲ."

ನಾನು ಅವರ ಪಕ್ಕದಲ್ಲಿ ಕೂತೆ. ಗಿಟ್ಟಿಯ ಪಕ್ಕೆ ಏಳುತ್ತಿತ್ತು, ಬೀಳುತ್ತಿತ್ತು. ಅತ್ತೆಯೇ ಅಂದರು, "ನನ್ ಸಲುವಾಗೇ ಜೀವ ಹಿಡ್ಕಂಡೈತೆ ಇದು. ಸಾಕು. ಆ ಡಾಕ್ಟ್ರವ್ವನ್ನ ಬರಹೇಳು."

ಆಮೇಲೆ, "ಗುಂಡಿಗೆ ಉಪ್ಪು ತರ್ಸಿದ್ದೀಯಾ?" ಅಂತ ಕೇಳಿದರು.

"ಯಾವ ಗುಂಡಿ?" ಅಂದೆ.

"ಅಯ್ಯೋ ಸಾಕು ಸುಮ್ಕಿರೇ. ಈ ಉರಿಬಿಸ್ಲಾಗೆ ಯಾವ ಮುಠ್ಠಾಳ ತೆಂಗಿನ ಸಸಿ ಇಡ್ತಾನೆ? ಮಳೆ ಬರ್ದೆ?"

ಮರುದಿನ ಬೆಳಿಗ್ಗೆ ಬಿಸಿಲು ಏರುವ ಮುಂಚೆ ಡಾಕ್ಟರಮ್ಮ ಸ್ಕೂಟರಿನಲ್ಲಿ ಬಂದರು. ಗಿಟ್ಟಿ ಜಗಲಿಯ ಮೇಲೆ, ಅವಳ ಜಾಗದಲ್ಲೇ ಮಲಗಿದ್ದಳು. ಅತ್ತೆ ಎಂದಿನಂತೆ ಕಾಲು ಚಾಚಿ ಕೂತು, ಪಾದವನ್ನು ಅವಳ ಬೆನ್ನಿಗೆ ತಾಗಿಸಿದರು. ಮೊದಲು ನಿದ್ದೆಯ ಇಂಜೆಕ್ಷನ್, ಅದು ಹತ್ತಿದ ಮೇಲೆ ಇನ್ನೊಂದು ಅಂತ ಡಾಕ್ಟರಮ್ಮ ಹೇಳಿದರು. ಹೆಸರು ಹಿಡಿದು ಕರೆಯಬೇಡ ಅಂತ ಅತ್ತೆ ನನಗೆ ಕಣ್ಣಿನಲ್ಲೇ ಸನ್ನೆ ಮಾಡಿದರು. ಆಮೇಲೆ, ದಿನಾ ಬೆಳಿಗ್ಗೆ ಮಾತಾಡುವ ಹಾಗೆ, ಯಾರಿಗೂ ಅಲ್ಲದೆ ಮಾತಾಡತೊಡಗಿದರು. ಈ ವರ್ಷ ಹುಣಸೆಹಣ್ಣು ಸರಿಯಿಲ್ಲ. ಎದುರು ಮನೆಯ ಎಮ್ಮೆ ಹಾಲಿಗೆ ನೀರು ಜಾಸ್ತಿ. ನನ್ನ ಸೊಸೆಗೆ ಸಾರಿಗೆ ಹುಳಿ ಹಾಕುವುದು ಇನ್ನೂ ಬಂದಿಲ್ಲ, ಎಷ್ಟು ಹೇಳಿದರೂ ಅಷ್ಟೇ. ಗಿಟ್ಟಿಯ ಒಂದು ಕಿವಿ ಆ ಕಡೆಗೆ ತಿರುಗಿ, ಹಾಗೆಯೇ ನಿಂತಿತು. ಎದ್ದೇಳಲು ನೋಡಲಿಲ್ಲ. ಕಣ್ಣು ಮುಚ್ಚಿತು. ಎರಡನೆಯ ಸೂಜಿ ಅವಳಿಗೆ ಗೊತ್ತಾಗಿರಲಿಕ್ಕಿಲ್ಲ. ಡಾಕ್ಟರಮ್ಮ ಅವಳ ಎದೆಯ ಮೇಲೆ ಯಂತ್ರ ಇಟ್ಟು ಕೇಳಿ ತಲೆಯಾಡಿಸಿದ ಮೇಲೂ ಅತ್ತೆ ಸಾರಿನ ಮಾತನ್ನು ಮುಗಿಸಿದರು. ಅರ್ಧಕ್ಕೆ ಬಿಡಲಿಲ್ಲ.

ಯಜಮಾನರೇ ಅವಳನ್ನು ಎತ್ತಿಕೊಂಡು ತೋಟಕ್ಕೆ ನಡೆದರು. ಯಾರಿಗೂ ಕೊಡಲಿಲ್ಲ.

ಈಗ ನಿಮಗೆ ಹೇಳಬೇಕಾದ್ದು. ನಿಮ್ಮ ನಾಯಿಗೆ ವಯಸ್ಸಾಗಿದ್ದು, ವಿಪರೀತ ನೀರು ಕುಡಿಯುತ್ತಿದ್ದರೆ ಬಿಸಿಲು ಅಂತ ಸುಮ್ಮನಿರಬೇಡಿ, ರಕ್ತ ಪರೀಕ್ಷೆ ಮಾಡಿಸಿ. ನಮ್ಮ ಸೀಮೆಯವರಾದರೆ ಮನೆಯಲ್ಲಿ ಏನು ಕುಡಿಸುತ್ತಿದ್ದೀರಿ ಅಂತ ಡಾಕ್ಟರ ಹತ್ತಿರ ಮೊದಲೇ ಹೇಳಿ; ಎಳನೀರೂ ಔಷಧಿಯ ಲೆಕ್ಕಕ್ಕೆ ಬರುತ್ತದೆ ಅಂತ ನಮಗೆ ಹೊಳೆಯುವುದೇ ಇಲ್ಲ. ರಿಪೋರ್ಟ್ ಅರ್ಥವಾಗದಿದ್ದರೆ ಇನ್ನೊಮ್ಮೆ ಕೇಳಿ, ನಾಚಿಕೆ ಬೇಡ. ಮನೆಯಲ್ಲಿ ಆ ನಾಯಿಗೆ ಹತ್ತಿರವಾದವರು ಯಾರೋ ಅವರನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ, ಅವರ ಪ್ರಶ್ನೆಯನ್ನು ಅವರೇ ಕೇಳಲಿ. ಔಷಧಿ ಅಂಗಡಿಯಲ್ಲಿ ಡ್ರಿಪ್ ಬಾಟಲಿಗೆ ಧಾರಾಳವಾಗಿ ಚೌಕಾಸಿ ಮಾಡಿ, ಬಾಕ್ಸ್ ತೆಗೆದುಕೊಂಡರೆ ಖಂಡಿತ ಇಳಿಸುತ್ತಾರೆ. ಮನೆಗೆ ಬರುವ ಡಾಕ್ಟರ ಹತ್ತಿರ ಮಾತ್ರ ಮಾಡಬೇಡಿ.

ಕೊನೆಯ ನಿರ್ಧಾರವನ್ನು ಮನೆಯವರೆಲ್ಲ ಒಪ್ಪುವವರೆಗೆ ತಡೆಯಿರಿ, ಆದರೆ ತೀರಾ ತಡ ಮಾಡಬೇಡಿ. ನಿದ್ದೆಯ ಇಂಜೆಕ್ಷನ್ ಮೊದಲು ಕೊಡುತ್ತೀರಾ ಅಂತ ಮುಂಚೆಯೇ ಕೇಳಿಕೊಳ್ಳಿ. ಆ ಹೊತ್ತಿನಲ್ಲಿ ಎದ್ದು ಹೊರಗೆ ಹೋಗಬೇಡಿ, ಪಕ್ಕದಲ್ಲೇ ಇರಿ.

ಮಾರನೆಯ ದಿನ ನಿಮ್ಮ ಮನೆಯಲ್ಲಿ ಯಾರೋ ಒಬ್ಬರು ಅಭ್ಯಾಸದಲ್ಲಿ ಅದರ ಪಾಲಿನ ಮುದ್ದೆಯನ್ನು ತೆಗೆದಿಡುತ್ತಾರೆ. ಇಟ್ಟ ಮೇಲೆ ನೆನಪಾಗಿ ಹಾಗೆಯೇ ನಿಂತುಬಿಡುತ್ತಾರೆ. ಬೈಯಬೇಡಿ, ತೆಗೆದು ಚೆಲ್ಲಲೂ ಬೇಡಿ. ಬೀದಿ ಬಾಗಿಲ ಆಚೆ ಇಟ್ಟು ಒಳಗೆ ಬನ್ನಿ. ತಿನ್ನುವ ಬಾಯಿ ಯಾವುದಾದರೂ ಬರುತ್ತದೆ.